ನಂದಿಗುಡಿಗೆ ಹೋದ ಕರಡಿಗೆ

ಕಾರ್ತಿಕದ ಸೋಮವಾರ ಬೆಳಿಗ್ಗೆ ನಾನು ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಹುರಿಯುವವಳು ಒಲೆ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಲೇ ಇರಬೇಕು, ಸಿಪ್ಪೆ ಅಲ್ಲಲ್ಲಿ ಕಪ್ಪಾಗಿ ಚಟಪಟ ಅನ್ನುವ ಹೊತ್ತಿಗೆ ಇಳಿಸಬೇಕು. ತುಸು ಮುಂಚೆ ಇಳಿಸಿದರೆ ಹಸಿ, ತುಸು ತಡವಾದರೆ ಕಹಿ. ಆ ಗಳಿಗೆಯನ್ನೇ ಕಾದುಕೊಂಡಿದ್ದ ಹಾಗೆ ಫೋನು ಬಡಕೊಂಡಿತು.

ಹರಿಹರದಿಂದ ನನ್ನ ವಾರಗಿತ್ತಿ. ವಾರಗಿತ್ತಿ ಅಂದರೆ ನನ್ನ ಅತ್ತೆಯ ಅಕ್ಕನ ಸೊಸೆ. ಕಾರ್ತಿಕದಲ್ಲಿ ಹೊಳೆ ಸ್ನಾನ ಮಾಡಬೇಕು ಅಂತ ಹಟ ಹಿಡಿದು ಅತ್ತೆ ಆ ವಾರವೇ ಅಕ್ಕನ ಮನೆಗೆ ಹೋಗಿದ್ದರು. ಈ ವಯಸ್ಸಿನಲ್ಲಿ ತಣ್ಣೀರು ಬ್ಯಾಡ್ರಿ ಅಂತ ಹೇಳಿದ್ದಕ್ಕೆ, "ಬಿಸಿನೀರು ಹೊಯ್ಕಂಡ್ರೆ ಪುಣ್ಯ ಬರಲ್ಲವ್ವಾ" ಅಂತ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವರು.

"ಅಕ್ಕಾ, ಈಗಿಂದೀಗ್ಲೇ ಹೊಂಟು ಬಾ. ಚಿಕ್ಕತ್ತೆ ಲಿಂಗ ಹೋಗೈತೆ."

ಅವಳ ಚಿಕ್ಕತ್ತೆ ಅಂದರೆ ನನ್ನ ಅತ್ತೆ. ನನ್ನ ಕೈಯಲ್ಲಿದ್ದ ಸೌಟು ಬಾಣಲೆಯಲ್ಲೇ ನಿಂತಿತು. "ಹೋಗೈತೆ ಅಂದ್ರೆ? ಹೊಳ್ಯಾಗ ಬಿತ್ತೇನೆ?"

"ಹೊಳ್ಯಾಗಲ್ಲ. ನಂದಿಗುಡಿಗೆ ಹೋಗೈತೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳನ್ನು ಬೈದು, ಸಮಾಧಾನ ಮಾಡಿ, ಮತ್ತೆ ಬೈದು, ಮೊದಲಿಂದ ಹೇಳಿಸಿದೆ.

ನಡೆದದ್ದು ಇಷ್ಟು. ಅಕ್ಕ ತಂಗಿ ಇಬ್ಬರಿಗೂ ತೌರು ಕುಕ್ಕುವಾಡ. ಮದುವೆ ಕಾಲಕ್ಕೆ ಅವರವ್ವ ಒಬ್ಬನೇ ಅಕ್ಕಸಾಲಿಗನ ಹತ್ತಿರ ಇಬ್ಬರಿಗೂ ಒಂದೇ ಥರದ ಬೆಳ್ಳಿ ಕರಡಿಗೆ ಮಾಡಿಸಿದ್ದರು, ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ ಆಗಬಾರದು ಅಂತ. ಅದರೊಳಗೆ ದೀಕ್ಷೆಯಲ್ಲಿ ಗುರುಗಳು ಕೊಟ್ಟ ಇಷ್ಟಲಿಂಗ. ಒಂದು ಕರಡಿಗೆ ಇನ್ನೊಂದರ ಪಕ್ಕ ಇಟ್ಟರೆ ಆ ಅಕ್ಕಸಾಲಿಗನೇ ಎದ್ದು ಬಂದರೂ ಗುರುತು ಹಿಡಿಯಲಾರ. ಆ ದಿನ ಇಬ್ಬರೂ ಹೊಳೆಯಲ್ಲಿ ಮುಳುಗೆದ್ದು, ತೊಯ್ದ ಶಿವದಾರ ತೆಗೆದು ಹೊಸದು ಪೋಣಿಸಿಕೊಳ್ಳಲು ಮೆಟ್ಟಿಲ ಮೇಲೆ ಕೂತಿದ್ದಾರೆ. ಕರಡಿಗೆ ಎರಡೂ ಒಂದೇ ಟವೆಲ್ಲಿನ ಮೇಲೆ. ಅಷ್ಟರಲ್ಲಿ ಓಣಿಯ ಹೆಂಗಸರು "ಬಸ್ಸು ಬಂತು, ಬಸ್ಸು ಬಂತು" ಅಂತ ಕೂಗಿದ್ದಾರೆ. ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಕೈಗೆ ಸಿಕ್ಕ ಕರಡಿಗೆ ದಾರಕ್ಕೆ ಏರಿಸಿ, ಕೊರಳಿಗೆ ಹಾಕಿ, ಒದ್ದೆ ಸೀರೆಯ ಗಂಟು ತಂಗಿಯ ಕೈಗೆ ಕೊಟ್ಟು, ನಂದಿಗುಡಿ ಬಸ್ಸು ಹತ್ತಿದ್ದಾರೆ. ಅಲ್ಲಿನ ಮಠದ ಕಾರ್ತಿಕಕ್ಕೆ ಅಕ್ಕಿ ಹಸನು ಮಾಡಿಕೊಡುವ ಸೇವೆ ಅವರ ಗುಂಪಿನದು.

ಅತ್ತೆ ಮನೆಗೆ ಬಂದು, ಪೂಜೆಗೆ ಕೂತು, ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ತಗೊಂಡರಂತೆ. ತಗೊಂಡ ಕೂಡಲೇ ಮುಖ ಬಿಳಚಿಕೊಂಡಿತಂತೆ. "ಇದು ನಂದಲ್ಲ. ಇದರ ಭಾರ ಬ್ಯಾರೆ ಐತೆ" ಅಂದು ಹಾಗೇ ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟು, ಗೋಡೆಗೆ ಬೆನ್ನು ಹಚ್ಚಿ ಕೂತರಂತೆ. ಲಿಂಗ ಮೈಮೇಲೆ ಇಲ್ಲದೆ, ಪೂಜೆ ಇಲ್ಲದೆ ಹನಿ ನೀರೂ ಮುಟ್ಟುವವರಲ್ಲ ನಮ್ಮತ್ತೆ. ಅದು ನನಗೆ ಗೊತ್ತಿದ್ದದ್ದೇ. ನಾನು ಹೆದರಿದ್ದು ಅದಕ್ಕಲ್ಲ.

"ಲೇ, ಸೂಜಿ ತಗಂಡಾರಾ?" ಅಂತ ಕೇಳಿದೆ.

ಸಣ್ಣ ದನಿಯಲ್ಲಿ, "ತಗಂಡಾರಕ್ಕಾ. ಪೂಜಿ ಮುಗ್ದ ಕೂಡ್ಲೇ ರೊಟ್ಟಿ ತಿಂತಾರಲ್ಲ ಅಂತ ನಾನೇ ಮೊದ್ಲು ಚುಚ್ಚಿಬಿಟ್ಟೆ" ಅಂದಳು.

ಅತ್ತೆಗೆ ಶುಗರ್. ಬೆಳಿಗ್ಗೆ ಸಂಜೆ ಇನ್ಸುಲಿನ್ ಸೂಜಿ. ನಮ್ಮ ಮನೆಯಲ್ಲಿ ನನ್ನದು ಒಂದೇ ಕಾನೂನು: ಪೂಜೆ ಮುಗಿಯುವ ತನಕ ಸೂಜಿ ಫ್ರಿಜ್ಜಿನಿಂದ ಈಚೆ ಬರಬಾರದು, ಸೂಜಿ ಆದಮೇಲೆ ತಟ್ಟೆ ತಡ ಆಗಬಾರದು. ಸೂಜಿ ಚುಚ್ಚಿ ಉಪವಾಸ ಕೂತರೆ ಶುಗರ್ ಇಳಿದು ಮನುಷ್ಯರು ಕೂತಲ್ಲೇ ಹೋಗಿಬಿಡುತ್ತಾರೆ ಅಂತ ಡಾಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು.

"ಬಾಯಾಗೆ ಸಕ್ಕರಿ ಹಾಕೆ!"

"ಹಲ್ಲು ಕಚ್ಕಂಡು ಕುಂತಾರೆ. ಹತ್ರ ಹೋದ್ರೆ ನನ್ನೇ ಕಚ್ಚಂಗೆ ನೋಡ್ತಾರೆ."

"ದೊಡ್ಡತ್ತೆಗೆ ಫೋನ್ ಮಾಡಿದ್ಯಾ?"

"ಮಾಡ್ದೆ. ಇಲ್ಲೇ ಅಡಿಗೆಮನಿ ಗೋಡಿ ಗೂಡಿನಾಗೆ ಬಡ್ಕಂತಾ ಐತೆ ಅವರ ಫೋನು."

ಮೊಬೈಲನ್ನು ಮನೆಯಲ್ಲಿ ಬಿಟ್ಟು ಊರಿಗೆ ಹೋಗುವವರನ್ನು ಏನಂತ ಅನ್ನೋಣ? ಶೇಂಗಾ ಅಷ್ಟರಲ್ಲಿ ಕರಕಲಾಗಿ ಅಡಿಗೆಮನೆ ತುಂಬ ಹೊಗೆ. ಒಲೆ ಆರಿಸಿದೆ. ಮನೆಗೆ ಬೆಂಕಿ ಬೀಳಲಿಲ್ಲ, ಅದೇ ಶಿವನ ದಯೆ.

ನಮ್ಮನೆಯವರಿಗೆ ಫೋನು ಹಚ್ಚಿದೆ. ದಾವಣಗೆರೆ ಮಂಡಿಪೇಟೆಯಲ್ಲಿ ಅವರ ಅಂಗಡಿ. ಫೋನಿನಲ್ಲಿ ಪೂರ್ತಿ ಮಾತು ಕೇಳುವ ವ್ಯವಧಾನ ಅವರಿಗೆ ಯಾವತ್ತೂ ಇಲ್ಲ. "ಗಿರಾಕಿ ಅದಾರೆ, ಜಲ್ದಿ ಹೇಳು" ಅಂದರು. ಹೇಳಿದೆ.

"ಅಷ್ಟಕ್ಕ್ಯಾಕ ಇಷ್ಟು ಗದ್ದಲ? ಸಂಜೀಗೆ ದೊಡ್ಡವ್ವ ಬಂದ ಮ್ಯಾಲೆ ಬದ್ಲಿ ಮಾಡ್ಕಂಡ್ರಾತು."

"ಸಂಜೀತನ ನಿಮ್ಮವ್ವ ಹನಿ ನೀರು ಕುಡಿಯಂಗಿಲ್ಲ. ಸೂಜಿ ಬ್ಯಾರೆ ಚುಚ್ಯಾರೆ."

ಗಿರಾಕಿಯ ಜೊತೆ ನಡೆದಿದ್ದ ಮಾತು ನಿಂತದ್ದು ನನಗೂ ಕೇಳಿಸಿತು. "ನಾನು ಹಿಂಗೇ ನಂದಿಗುಡಿಗೆ ಹೋಗ್ತೀನಿ. ನೀನು ಹರಿಹರಕ್ಕೆ ನಡಿ" ಅಂದರು. ಗಂಡಸರಿಗೆ ತಾಯಿಯ ವಿಷಯ ಅರ್ಥವಾಗಬೇಕಾದರೆ ಎರಡನೇ ಸಲ ಹೇಳಬೇಕು. ನನ್ನ ಗಂಡನಿಗೆ ಎರಡನೇ ಸಲಕ್ಕಾದರೂ ಅರ್ಥವಾಯಿತು.

ಆವರಗೆರೆ ಕಡೆಯ ನಮ್ಮ ಬಡಾವಣೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವುದೇ ಒಂದು ಪ್ರಯಾಣ. ಅಲ್ಲಿ ಹರಿಹರದ ಬಸ್ಸು ನಿಂತಿತ್ತು, ಡ್ರೈವರು ಚಹಾಕ್ಕೆ ಹೋಗಿದ್ದ. ಎಲ್ಲ ದಿನ ನಾನು ಓಡಿ ಬರುವಷ್ಟರಲ್ಲಿ ಹೊರಟುಬಿಡುವ ಬಸ್ಸು ಅವತ್ತು ಅಲ್ಲಾಡಲೊಲ್ಲದು. ಪಕ್ಕದಲ್ಲಿ ಮಂಡಕ್ಕಿ ಚೀಲ ಇಟ್ಟುಕೊಂಡು ಕೂತ ಹೆಂಗಸು, "ಯಾಕ್ರಿ ಅಕ್ಕಾರ, ಅವಸರ ಐತೇನ್ರಿ?" ಅಂತ ಕೇಳಿದಳು. ಏನಂತ ಹೇಳಲಿ? ನಮ್ಮತ್ತೆ ಲಿಂಗ ನಂದಿಗುಡಿಗೆ ಹೋಗೈತೆ ಅಂತ ಹೇಳಲೇ? "ಅತ್ತೆಗೆ ಹುಷಾರಿಲ್ಲ" ಅಂದೆ. ಅವಳು ತನ್ನ ಅತ್ತೆಗೆ ಹುಷಾರಿಲ್ಲದೇ ಹೋದ ಸಂಗತಿ ಶುರು ಮಾಡಿದಳು. ಆ ಅತ್ತೆ ಕೊನೆಗೆ ಸತ್ತರು ಅನ್ನುವುದು ಬಸ್ಸು ಪಿ.ಬಿ. ರೋಡಿಗೆ ಬರುವ ಮೊದಲೇ ನನಗೆ ತಿಳಿದಿತ್ತು, ಆದರೂ ಪೂರ್ತಿ ಕೇಳಬೇಕಾಯಿತು.

ಸೆರಗಿನೊಳಗೆ ನನ್ನ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಶಿವನೇ, ನಮ್ಮತ್ತೆ ನನ್ನ ಜೀವ ಹಿಂಡ್ಯಾರೆ, ಖರೆ. ನಾನು ಮಾಡಿದ ಸಾರಿಗೆ ಇವತ್ತಿನವರೆಗೆ ಉಪ್ಪು ಸರಿಯಾಗಿದೆ ಅಂದವರಲ್ಲ. ಆದ್ರೂ ಅವರನ್ನ ಈ ಥರ ಕರಕೊಂಡು ಹೋಗಬ್ಯಾಡ, ನಿನ್ನ ಹೆಸರಿನ ಮೇಲೆ ಹಸಿದು ಸತ್ತರು ಅಂದ್ರೆ ನಿನಗೂ ಒಳ್ಳೇ ಹೆಸರಲ್ಲ. ಹೀಗೆ ಬೇಡಿದ್ದೋ ಜಗಳಾಡಿದ್ದೋ ಈಗಲೂ ಹೇಳಲಾರೆ.

ಹರಿಹರದ ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ಹೋದೆ. ಆಟೋದವನಿಗೆ "ಇಲ್ಲೇ ನಿಂದ್ರಪ್ಪ, ಆಸ್ಪತ್ರೆಗೆ ಹೋಗದು ಬಂದ್ರೂ ಬರಬಹುದು" ಅಂತ ಹೇಳಿ ಒಳಗೆ ಹೋದೆ.

ಅತ್ತೆ ದೇವರ ಕೋಣೆಯ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಕಾರ್ತಿಕದ ಚಳಿಯಲ್ಲಿ ಬೆವರು! ಬೆರಳು ನಡುಗುತ್ತಿದ್ದವು. ನನ್ನನ್ನು ನೋಡಿ, "ಇಕೀನ್ಯಾಕ ಕರಸಿದ್ರಿ? ಮನ್ಯಾಗೆ ಕೆಲ್ಸ ಇರಲ್ಲೇನು ಇಕೀಗೆ?" ಅಂದರು. ನಾಲಿಗೆ ಸ್ವಲ್ಪ ದಪ್ಪವಾಗಿತ್ತು. ಬೈಗುಳಕ್ಕೆ ಮಾತ್ರ ಕೊರತೆಯಿರಲಿಲ್ಲ.

"ಅತ್ತೆ, ಒಂದು ಚಮಚೆ ಸಕ್ಕರಿ. ಆಮ್ಯಾಲೆ ನಿಮ್ಮ ಹಟ ಮಾಡ್ರಿ."

"ಮೈಮ್ಯಾಲೆ ಲಿಂಗ ಇಲ್ಲ. ಬಾಯಿಗೆ ಅನ್ನ ಹಾಕ್ಲೇನು?"

"ಆಸ್ಪತ್ರೆಗಾದ್ರೂ ನಡೀರಿ. ಗ್ಲೂಕೋಸ್ ಬಾಟ್ಲಿ ಹಾಕ್ತಾರೆ, ಬಾಯಿಗೆ ಹಾಕದು ಬ್ಯಾಡ."

"ಬಾಯಾಗೆ ಹೋದ್ರೇನು, ನರದಾಗೆ ಹೋದ್ರೇನು? ಶಿವಾ ಅನ್ನದೆ ಹೊಟ್ಟಿ ತುಂಬಿಸಿದಂಗಲ್ಲೇನು ಅದು?"

ಅವರ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ, ಮಾವನವರೂ ಸೇರಿ. ವಾರಗಿತ್ತಿ ಕೈಯಲ್ಲಿ ಸಕ್ಕರೆ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ನನಗೆ ಸಿಟ್ಟು ತಲೆಗೇರಿತು. ಅತ್ತೆಯ ಮೇಲೆ, ಅಕ್ಕಿ ಹಸನು ಮಾಡಲು ಹೋದ ದೊಡ್ಡತ್ತೆಯ ಮೇಲೆ, ಅವಸರಕ್ಕೆ ಸೂಜಿ ಚುಚ್ಚಿದ ಇವಳ ಮೇಲೆ, ಒಂದೇ ಥರದ ಕರಡಿಗೆ ಮಾಡಿಸಿದ ಕುಕ್ಕುವಾಡದ ಆ ಅಜ್ಜಿಯ ಮೇಲೆ. ಅದರ ನಡುವೆ ನನಗೂ ತಲೆ ಸುತ್ತಿತು. ಬೆಳಿಗ್ಗೆಯಿಂದ ನಾನೂ ನೀರು ಮುಟ್ಟಿರಲಿಲ್ಲ. ಶೇಂಗಾ ಇಳಿಸಿ ಪೂಜೆಗೆ ಕೂರೋಣ ಅಂದುಕೊಂಡಿದ್ದವಳು ಹಾಗೇ ಓಡಿ ಬಂದಿದ್ದೆ.

"ನಿಮ್ದಂತೂ ಆತು. ನಂದೂ ಪೂಜಿ ಆಗಿಲ್ಲ ಇನ್ನಾ" ಅಂತ ರೇಗಿದೆ. ವಾರಗಿತ್ತಿಗೆ ನೀರು ತರಲು ಹೇಳಿ, ಹಿತ್ತಲಲ್ಲಿ ಕೈಕಾಲು ಮುಖ ತೊಳೆದು ಬಂದೆ. ಅತ್ತೆಗಾಗಿ ಹಾಸಿದ್ದ ಮಣೆ ಹಾಗೇ ಇತ್ತು; ವಿಭೂತಿ, ಪತ್ರೆ, ನೈವೇದ್ಯಕ್ಕೆ ಇಟ್ಟ ಬಾಳೆಹಣ್ಣು, ಎಲ್ಲ ಹೊಂದಿಸಿತ್ತು. ಅವರ ಎದುರಿಗೇ ಕೂತೆ. ನನ್ನ ಲಿಂಗವನ್ನು ಅಂಗೈಗೆ ತಗೊಂಡೆ.

ಪೂಜೆ ಶುರು ಮಾಡುವಾಗ ನನ್ನ ಮನಸ್ಸಿನಲ್ಲಿ ಯಾವ ಉಪಾಯವೂ ಇರಲಿಲ್ಲ. ಇದನ್ನು ಎಷ್ಟೋ ಜನ ನಂಬಲಿಲ್ಲ, ನಂಬದಿದ್ದರೆ ಬಿಡಲಿ. ಆಸ್ಪತ್ರೆಗೆ ಎತ್ತಿಕೊಂಡಾದರೂ ಒಯ್ಯಬೇಕು, ಅದಕ್ಕೆ ಮುಂಚೆ ನನ್ನ ಕಾಲಿಗೆ ಬಲ ಬರಬೇಕು, ಅದಕ್ಕೆ ಪೂಜೆ ಮುಗಿಸಿ ಒಂದು ತುತ್ತು ತಿನ್ನಬೇಕು, ಅಷ್ಟೇ. ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿದೆ. ಅಷ್ಟು ಅವಸರದ ಪೂಜೆಯನ್ನು ನಾನು ಹಿಂದೆಂದೂ ಮಾಡಿದ್ದಿಲ್ಲ. ಕಣ್ಣು ಲಿಂಗದ ಮೇಲೆ, ಕಿವಿ ಅತ್ತೆಯ ಉಸಿರಿನ ಮೇಲೆ. ಬಾಳೆಹಣ್ಣು ಸುಲಿದು ನೈವೇದ್ಯ ಮಾಡುವಾಗ ಥಟ್ಟನೆ ಹೊಳೆಯಿತು. ವಾರಗಿತ್ತಿಯ ಕೈಯಿಂದ ಸಕ್ಕರೆ ಡಬ್ಬಿ ತಗೊಂಡು ಹಣ್ಣಿನ ಮೇಲೆ ಧಾರಾಳವಾಗಿ ಸುರಿದೆ. ಶಿವನಿಗೆ ಅಷ್ಟು ಸಿಹಿ ನೈವೇದ್ಯ ನಮ್ಮ ಮನೆಯಲ್ಲಿ ಹಬ್ಬಕ್ಕೂ ಆಗಿರಲಿಕ್ಕಿಲ್ಲ.

ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡೆ. ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಹಿಡಿದು ಅತ್ತೆಯ ಮುಂದೆ ಮೊಣಕಾಲೂರಿದೆ.

"ಪ್ರಸಾದ, ಅತ್ತೆ. ಕೈ ಹಿಡೀರಿ."

ಬ್ಯಾಡ ಅನ್ನಲು ಅವರ ಬಾಯಿ ತೆರೆಯಿತು. ಆದರೆ ಅಷ್ಟರಲ್ಲಿ ಕೈ ಮುಂದೆ ಬಂದಾಗಿತ್ತು. ಬಲಗೈ ಮೇಲೆ, ಅದರ ಕೆಳಗೆ ಎಡಗೈ, ಚಿಕ್ಕಂದಿನಿಂದ ಯಾವ ಮಠದಲ್ಲಿ, ಯಾವ ಗುಡಿಯಲ್ಲಿ, ಯಾರ ಮನೆಯಲ್ಲಿ ಪ್ರಸಾದ ಅಂದರೂ ಬರುವ ಹಾಗೆ ತಾನಾಗಿಯೇ ಬಂದಿತ್ತು. ನಾನು ತಡಮಾಡದೆ ಹಾಕಿಬಿಟ್ಟೆ.

ಅತ್ತೆ ಅಂಗೈಯನ್ನೇ ನೋಡಿದರು. ಪ್ರಸಾದವನ್ನು ಕೆಳಗಿಡುವಂತಿಲ್ಲ. ವಾಪಸು ಕೊಡುವಂತಿಲ್ಲ. ಚೆಲ್ಲುವ ಮಾತಂತೂ ದೂರ. ಲಿಂಗವಿಲ್ಲದೆ ತಿನ್ನುವಂತೆಯೂ ಇಲ್ಲ. ನಡುಗುವ ಕೈಯಲ್ಲಿ ಸಕ್ಕರೆ ಕರಗಿ ಬೆರಳ ಸಂದಿಗೆ ಇಳಿಯತೊಡಗಿತು. ಹನಿ ನೆಲಕ್ಕೆ ಬೀಳದಂತೆ ಅವರು ಕೈ ಬಿಗಿ ಮಾಡಿದರು.

"ಮೋಸ ಮಾಡಿದ್ಯಲ್ಲೇ ನನಗೆ" ಅಂದರು.

"ಮಾಡ್ದೆ. ನೆಲಕ್ಕೆ ಬೀಳ್ತೈತೆ ನೋಡ್ರಿ, ಪ್ರಸಾದ."

ಕಣ್ಣಲ್ಲಿ ನೀರು ತಂದುಕೊಂಡರು. ನಾನು ಮುಖ ಗಟ್ಟಿ ಮಾಡಿಕೊಂಡೇ ಇದ್ದೆ. ಆಮೇಲೆ ಅವರು ಶಿವಶಿವಾ ಅಂತ ಕಣ್ಣು ಮುಚ್ಚಿ ಅಂಗೈಯನ್ನು ಬಾಯಿಗೆ ಒಯ್ದರು. ಬೆರಳ ಸಂದಿಯನ್ನೂ ಬಿಡದೆ ನೆಕ್ಕಿದರು. ನಾನು ಮತ್ತೆ ಹಾಕಿದೆ, ಮತ್ತೆ ತಿಂದರು. ಪ್ರಸಾದವನ್ನು ಒಮ್ಮೆ ತಗೊಂಡ ಮೇಲೆ ಎರಡನೇ ಸಲ ಬ್ಯಾಡ ಅನ್ನುವುದು ಹೇಗೆ?

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ನಾಲಿಗೆ ಹಗುರಾಯಿತು. ವಾರಗಿತ್ತಿ ಶುಗರ್ ನೋಡುವ ಮಷೀನು ತಂದು ಬೆರಳು ಚುಚ್ಚಿ ನೋಡಿ, "ಏರ್ತಾ ಐತಕ್ಕಾ" ಅಂದು ಮತ್ತೆ ಅತ್ತಳು. ಇವಳಿಗೆ ಇಳಿದರೂ ಅಳು, ಏರಿದರೂ ಅಳು. ಅತ್ತೆ ಬಾಯಿ ಒರೆಸಿಕೊಂಡು ಆಡಿದ ಮೊದಲ ಮಾತು: "ಬಾಳೆಹಣ್ಣು ಇನ್ನಾ ಕಸುಗಾಯಿ. ಇಂಥದ್ದು ನೈವೇದ್ಯ ಮಾಡ್ತಾರೇನು?"

ಹೊರಗೆ ಹೋಗಿ ಆಟೋದವನನ್ನು ಕಳಿಸಿದೆ. ಅಲ್ಲೇ ಕಟ್ಟೆಯ ಮೇಲೆ ಕೂತೆ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಎದುರು ಮನೆಯ ಬೆಕ್ಕೊಂದು ಬಿಸಿಲಿಗೆ ಹೊಟ್ಟೆ ಕೊಟ್ಟು ಮಲಗಿತ್ತು. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ನಾನೂ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ, ಅದೂ ಒಂದು ದಯೆ.

ಅಷ್ಟರಲ್ಲಿ ನಮ್ಮನೆಯವರ ಫೋನು. ನಂದಿಗುಡಿಯಲ್ಲಿ ದೊಡ್ಡತ್ತೆ ಸಿಕ್ಕಿದ್ದಾರೆ. ಆದರೆ ಹೊಸ ತಕರಾರು.

"ಕರಡಿಗಿ ನನ್ನ ಕೈಗೆ ಕೊಡು ದೊಡ್ಡವ್ವಾ, ಜಲ್ದಿ ಒಯ್ತೀನಿ ಅಂದೆ. 'ಲಿಂಗಾನ ಪ್ಯಾಂಟಿನ ಜೇಬಿನಾಗೆ ಇಟ್ಕಂಡು ಹೋಗ್ತೀಯೇನಲೇ, ಬೈಕಿನ ಚಾವಿ ಜೋಡಿ?' ಅಂತ ಮಂದಿ ಮುಂದೆ ಬೈದ್ಲು."

"ಹಂಗಾರೆ ಅವರನ್ನೇ ಕುಂಡ್ರಿಸ್ಕಂಡು ಬರ್ರಿ."

"ಬೈಕ್ ಹತ್ತಂಗಿಲ್ಲಂತೆ. ಬಸ್ಸಿಗೇ ಬರ್ತಾಳಂತೆ. ಬಸ್ಸಿನ ಹಿಂದೆ ನಾನು."

ಹಾಗೇ ಬಂದರು. ದೊಡ್ಡತ್ತೆ ಬಸ್ಸಿನಲ್ಲಿ ಕಿಟಕಿ ಪಕ್ಕ, ನನ್ನ ಗಂಡ ದಾರಿಯುದ್ದಕ್ಕೂ ಬಸ್ಸಿನ ಹೊಗೆ ಕುಡಿಯುತ್ತಾ ಹಿಂದೆ. ಅವರು ಮನೆಯೊಳಗೆ ಕಾಲಿಟ್ಟಾಗ ಮುಖ ಮಸಿ ಹಿಡಿದಿತ್ತು. ದೊಡ್ಡತ್ತೆಯದು ಮಾತ್ರ ಮಿಂದು ಮಡಿಯುಟ್ಟ ಕಳೆ.

ಅಕ್ಕ ತಂಗಿ ಎದುರುಬದುರು ಕೂತರು. ಕರಡಿಗೆ ಬದಲಾಯಿಸಿಕೊಂಡರು. ಅತ್ತೆ ತಮ್ಮ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ಆಮೇಲೆ ಬಾಯಿ ಬಿಟ್ಟರು.

"ಅಲ್ಲಲೇ ಅಕ್ಕಾ, ಮಠದಾಗೆ ಪೂಜಿ ಮಾಡಿದ್ಯೋ ಇಲ್ಲೋ?"

"ಮಾಡ್ದೆ. ಪ್ರಸಾದಾನೂ ಆತು. ಉಪ್ಪಿಟ್ಟು ಚಲೋ ಮಾಡಿದ್ರು."

"ಕೈಯಾಗೆ ಇಟ್ಕಂಡಾಗ ಗೊತ್ತಾಗ್ಲಿಲ್ಲೇನು ನಿನಗೆ, ನಿಂದಲ್ಲ ಅಂತ?"

"ನಾನು ಕಣ್ಣು ಮುಚ್ಚಿ ಪೂಜಿ ಮಾಡಾಕಿ. ನಿನ್ನಂಗೆ ತಕ್ಕಡ್ಯಾಗೆ ತೂಗಿ ನೋಡಲ್ಲವ್ವಾ."

ನಮ್ಮನೆಯವರು ನಗು ತಡೆಯಲಾಗದೆ ಹಿತ್ತಲಿಗೆ ಹೋದರು. ಅತ್ತೆ ಕೈಯಲ್ಲಿದ್ದ ಲಿಂಗದ ಕಡೆ ತಿರುಗಿ ಪೂಜೆಗೆ ಕೂತರು. ಎಂದಿಗಿಂತ ಉದ್ದದ ಪೂಜೆ. ರೊಟ್ಟಿ ಆರಿ ತಣ್ಣಗಾಗಿ ಸೆಟೆದುಕೊಂಡಿತು. ಆದರೂ ನಾನು ಬಾಗಿಲಲ್ಲಿ ನಿಂತು ನೋಡಿದೆ. ಬಗ್ಗಿದ ಆ ಕೊರಳು, ಅಲ್ಲಾಡದ ಆ ಅಂಗೈ. ನನಗೆ ಅಷ್ಟು ಭಕ್ತಿ ಬರುವುದಿಲ್ಲ. ಅಷ್ಟು ಹಟವೂ ಬರದಿರಲಿ ಅಂತ ಬೇಡಿಕೊಂಡೆ.

ಊಟ ಮುಗಿಸಿದ ಮೇಲೆ ಎರಡು ಮಾತು ಹೇಳಲು ಹೋದೆ. ಒಂದು, ಕರಡಿಗೆಗೆ ಬೇರೆ ಬೇರೆ ಬಣ್ಣದ ದಾರ ಹಾಕಿಕೊಳ್ಳಿರಿ. "ನಮ್ಮ ಲಿಂಗ ನಮಗೆ ಗುರ್ತು ಸಿಗಲ್ಲೇನು?" ಅಂತ ಇಬ್ಬರೂ ಒಟ್ಟಿಗೆ ಗದರಿದರು. ಅದರಲ್ಲಿ ಮಾತ್ರ ಒಗ್ಗಟ್ಟು! ಇನ್ನೊಂದು, ದಾವಣಗೆರೆಗೆ ನಡೀರಿ ಅತ್ತೆ. "ಕಾರ್ತಿಕ ಮುಗಿಯೋತನ ಬರಂಗಿಲ್ಲ" ಅಂತ ಆಕಡೆ ತಿರುಗಿ ಮಲಗಿದರು. ವಾರಗಿತ್ತಿಯನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಹೇಳಿದೆ: "ಪೂಜಿ ಮುಗಿಯೋತನ ಸೂಜಿ ಮುಟ್ಟಬ್ಯಾಡ. ಮನಿಗೆ ಬೆಂಕಿ ಬಿದ್ರೂ ಮುಟ್ಟಬ್ಯಾಡ." ಅವಳು ಸೂಜಿಯ ಡಬ್ಬಿಗೆ ಕೈಮುಗಿಯುವುದೊಂದು ಬಾಕಿ.

ಗಂಡನ ಬೈಕಿನ ಹಿಂದೆ ಕೂತು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: "ಪ್ರಸಾದದ ಯೋಚ್ನಿ ನಿನಗೆ ಹೆಂಗೆ ಬಂತು?" ನನಗೆ ಗೊತ್ತಿಲ್ಲ ಅಂದೆ. ಅದು ಖರೆಯೂ ಹೌದು. ಬಸ್ಸಿನಲ್ಲಿ ಜಗಳಾಡಿದ್ದನ್ನು ಶಿವ ಕೇಳಿಸಿಕೊಂಡಿರಬೇಕು.

ಬೀಗ ತೆಗೆಯುತ್ತಲೇ ವಾರಗಿತ್ತಿಗೆ ಫೋನು ಹಚ್ಚಿ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ. "ಸಂಜೀ ಪೂಜಿಗೆ ಕುಂತಾರಕ್ಕಾ. ಸೂಜಿ ಇನ್ನಾ ಫ್ರಿಜ್ಜಿನಾಗೈತೆ. ಆಣೆ" ಅಂದಳು. ಇನ್ನೇನೋ ಕೇಳಬೇಕು ಅನ್ನುವಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ, "ಎಲ್ಲಿಗೆ ಹೋಗಿದ್ರಿ ಬೆಳಿಗ್ಗಿಂದ? ನಲ್ಲಿ ನೀರು ಬಿಟ್ಟು ಎಷ್ಟೊತ್ತಾತು, ಇನ್ನೇನು ನಿಲ್ಲಿಸ್ತಾರೆ!" ಅಂತ ಕೂಗಿದರು.

ಫೋನು ಕಟ್ಟೆಯ ಮೇಲಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರಮ್ಮಿನ ತಳದ ಹಳೇ ನೀರು ಗಿಡಕ್ಕೆ ಚೆಲ್ಲಿ, ಪೈಪು ಎಳೆಯಲು ಹೋದೆ.